ಪಿಚ್ ಸೋತರೂ ಬೋರ್ಡ್ ಬರೆದವರಿಗೆ ಹಣ ಕೊಡಿ

ಮಾನ್ಯ ಸಂಪಾದಕರೇ,

ಜಾಹೀರಾತೊಂದು ಗೆದ್ದರೆ ಎಲ್ಲರೂ ನಿರ್ದೇಶಕರನ್ನು, ಏಜೆನ್ಸಿಯನ್ನು, ನಟಿಸಿದ ತಾರೆಯನ್ನು ಹೊಗಳುತ್ತಾರೆ. ಹೊಗಳಲಿ, ಬೇಜಾರಿಲ್ಲ. ಆದರೆ ಕ್ಯಾಮೆರಾ ಬರುವ ಮೊದಲೇ ಆ ಇಡೀ ಜಾಹೀರಾತನ್ನು ಚಿತ್ರದಲ್ಲಿ ಬರೆದು ತೋರಿಸಿದವರೊಬ್ಬರು ಇರುತ್ತಾರೆ. ನಾನು ಆ ಕೆಲಸದವನು. ಬೆಂಗಳೂರಿನ ಏಜೆನ್ಸಿಗಳಿಗೆ ಸ್ಟೋರಿಬೋರ್ಡ್, ಅಂದ್ರೆ ಜಾಹೀರಾತಿನ ದೃಶ್ಯಗಳನ್ನು ಒಂದೊಂದೇ ಫ್ರೇಮ್ ಆಗಿ ತೋರಿಸುವ ಚಿತ್ರಗಳನ್ನು, ಬರೆದುಕೊಡುತ್ತೇನೆ. ನಮ್ಮ ಹೆಸರು ಹಾಕಿ ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. ಕೇಳುತ್ತಿರುವುದು ಕೂಲಿ.

ಹೆಸರಿನ ಕಥೆ ಹಳೆಯದು ಬಿಡಿ. ಏರ್ ಇಂಡಿಯಾದ ಜಾಹೀರಾತುಗಳ ಮಹಾರಾಜ ಹುಟ್ಟಿದ್ದು 1946ರಲ್ಲಿ. ಅದರ ಹಿಂದಿದ್ದ ಏರ್ ಇಂಡಿಯಾ ಅಧಿಕಾರಿ ಬಾಬಿ ಕೂಕಾ ಒಂದಿಷ್ಟು ಜನಕ್ಕಾದರೂ ಗೊತ್ತು. ಮಹಾರಾಜನನ್ನು ಕೈಯಾರೆ ಬರೆದ ಉಮೇಶ್ ರಾವ್ ಯಾರಿಗೆ ನೆನಪಿದ್ದಾರೆ? ಅಮುಲ್ ಹುಡುಗಿಯನ್ನು ಬರೆದ ಯೂಸ್ಟೇಸ್ ಫರ್ನಾಂಡಿಸ್ ಅವರದ್ದೂ ಹೆಚ್ಚುಕಡಿಮೆ ಅದೇ ಪಾಡು. ಏಷ್ಯನ್ ಪೇಂಟ್ಸ್ ಜಾಹೀರಾತಿನ ಹುಡುಗ ಗಟ್ಟು ಮಾತ್ರ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರದು ಅಂತ ಜನ ಹೇಳುತ್ತಾರೆ, ಯಾಕಂದ್ರೆ ಲಕ್ಷ್ಮಣ್ ವ್ಯಂಗ್ಯಚಿತ್ರಗಳಿಂದ ಮನೆಮಾತಾಗಿದ್ದರು. ಇವರ ಚಿತ್ರಗಳಾದರೂ ಜನರ ಕಣ್ಣಿಗೆ ಬಿದ್ದವು. ಸ್ಟೋರಿಬೋರ್ಡನ್ನು ಏಜೆನ್ಸಿ, ಕ್ಲೈಂಟ್, ಶೂಟಿಂಗ್‌ನವರು ಬಿಟ್ಟರೆ ಯಾರೂ ನೋಡುವುದೇ ಇಲ್ಲ.

ಕೆಲಸ ಹೇಗೆ ಬರುತ್ತದೆ ಹೇಳುತ್ತೇನೆ. ಸಂಜೆ ಏಳಕ್ಕೆ ಫೋನ್. ‘ಸ್ಕ್ರಿಪ್ಟ್ ವಾಟ್ಸಾಪ್‌ಗೆ ಹಾಕಿದೀನಿ ಸಾರ್, ಬೆಳಗ್ಗೆ ಹತ್ತಕ್ಕೆ ಕ್ಲೈಂಟ್ ಮೀಟಿಂಗ್.’ ಸ್ಕ್ರಿಪ್ಟ್‌ನಲ್ಲಿ ಇರುವುದು ಒಂದೇ ಸಾಲು: ಅಜ್ಜಿ ಮೊಮ್ಮಗನಿಗೆ ಕಾಫಿ ಕೊಡುತ್ತಾಳೆ, ಅವನು ನಗುತ್ತಾನೆ. ಉಳಿದದ್ದೆಲ್ಲ ನಮ್ಮ ತಲೆನೋವು. ಅಡುಗೆಮನೆ ಹಳೇ ಮನೆಯದೋ ಫ್ಲ್ಯಾಟಿನದೋ? ಲೋಟವೋ, ಮಗ್ಗೋ? ಹುಡುಗ ಬಾಗಿಲಿನ ಯಾವ ಕಡೆಯಿಂದ ಬರಬೇಕು? ಅವನು ಎಡಗಡೆ ನೋಡಿದರೆ ಮುಂದಿನ ಫ್ರೇಮ್‌ನಲ್ಲಿ ಅಜ್ಜಿ ಬಲಗಡೆ ನೋಡಬೇಕು, ಇಲ್ಲದಿದ್ದರೆ ಇಬ್ಬರೂ ಗೋಡೆ ನೋಡಿಕೊಂಡು ಮಾತಾಡಿದಂತೆ ಕಾಣುತ್ತದೆ. ಕೊನೆಗೆ ಕಾಫಿಪುಡಿ ಪ್ಯಾಕೆಟ್ಟಿನ ಶಾಟ್. ಮೂವತ್ತು ಸೆಕೆಂಡಿಗೆ ಹದಿನೈದಿಪ್ಪತ್ತು ಫ್ರೇಮ್ ಬರೆದು ಬೆಳಗಿನ ಜಾವ ಕಳಿಸಿದರೆ ಉತ್ತರ ಬರುತ್ತದೆ: ‘ಸೂಪರ್. ಅಜ್ಜಿ ಸ್ವಲ್ಪ ಯಂಗ್ ಆಗಿರಲಿ.’ ಅಜ್ಜಿ ಇರುವುದು ಎಲ್ಲ ಫ್ರೇಮ್‌ನಲ್ಲೂ, ಅಲ್ವಾ?

ಇಷ್ಟೆಲ್ಲ ಆಗಿ ಆ ಏಜೆನ್ಸಿ ಪಿಚ್ ಸೋತರೆ, ಅಂದ್ರೆ ಕ್ಲೈಂಟ್‌ಗೆ ಐಡಿಯಾ ತೋರಿಸಿಯೂ ಕೆಲಸ ಸಿಗದಿದ್ದರೆ, ಎಷ್ಟೋ ಸಲ ನಮಗೆ ಬರುವುದು ‘ಮುಂದಿನ ಪ್ರಾಜೆಕ್ಟ್‌ನಲ್ಲಿ ನೋಡೋಣ’ ಅನ್ನುವ ಮಾತು. ಮದುವೆ ನಿಂತುಹೋಯಿತು ಅಂತ ಬಟ್ಟೆ ಹೊಲಿದ ದರ್ಜಿಗೆ ಕೂಲಿ ಇಲ್ಲ ಅನ್ನುತ್ತೇವಾ?

ಕಾನೂನು ಇದೆ. ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿದರೆ ನನ್ನಂಥ ಒಂಟಿ ಕಲಾವಿದನೂ ಮೈಕ್ರೋ ಉದ್ಯಮವೇ. ನೋಂದಣಿಗೆ ದುಡ್ಡಿಲ್ಲ. ಸಣ್ಣ ಉದ್ಯಮಗಳ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಬರವಣಿಗೆಯ ಒಪ್ಪಂದ ಇದ್ದರೂ ಹಣ ಕೊಡಲು 45 ದಿನಕ್ಕಿಂತ ಹೆಚ್ಚು ಗಡುವು ಇಡುವಂತಿಲ್ಲ, ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ದೂರು ಕೊಟ್ಟವನಿಗೆ ಮುಂದಿನ ಫೋನ್ ಬರುವುದಿಲ್ಲ ಅನ್ನುವುದು ನಮಗೂ ಗೊತ್ತು, ಅವರಿಗೂ ಗೊತ್ತು. ಮೇಲಾಗಿ ನಮ್ಮ ಹತ್ತಿರ ತೋರಿಸಲು ಇರುವುದು ವಾಟ್ಸಾಪ್ ಮೆಸೇಜ್ ಮಾತ್ರ, ಅದರಲ್ಲಿ ರೇಟ್ ಇರುವುದಿಲ್ಲ.

ಏಜೆನ್ಸಿಯವರನ್ನೇ ಬೈದು ಪ್ರಯೋಜನವಿಲ್ಲ. ಅವರಿಗೂ ಪಿಚ್‌ಗೆ ಕ್ಲೈಂಟ್ ಕಾಸು ಬಿಚ್ಚುವುದು ಕಮ್ಮಿ. ನಾಲ್ಕೈದು ಏಜೆನ್ಸಿಗಳನ್ನು ಕರೆಸಿ, ಎಲ್ಲರ ಐಡಿಯಾ ಪುಕ್ಕಟೆ ನೋಡಿ, ಒಬ್ಬರಿಗೆ ಕೆಲಸ ಕೊಡುವ ಕಂಪನಿಗಳು ಪಿಚ್‌ಗೆ ಇಷ್ಟು ಅಂತ ಹಣ ಇಡಬೇಕು. ಜಾಹೀರಾತಿಗೆ ಸುರಿಯುವ ದುಡ್ಡಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ.

ಈಗ ಎಐ ಬಂದಿದೆ, ಬೋರ್ಡ್ ಕಲಾವಿದರೇ ಬೇಡ ಅನ್ನುವವರಿದ್ದಾರೆ. ಹೊಳೆಯುವ ಚಿತ್ರ ಬೇಗ ಬರುತ್ತದೆ, ನಿಜ. ಆದರೆ ನನ್ನ ಕೈಗೆ ಬಂದ ಅಂಥ ಬೋರ್ಡ್‌ಗಳಲ್ಲಿ ಮೂರನೇ ಫ್ರೇಮಿನ ಅಜ್ಜಿ ಏಳನೇ ಫ್ರೇಮಿಗೆ ಬೇರೆ ಅಜ್ಜಿ ಆಗಿರುತ್ತಾಳೆ. ‘ಸುಮ್ನೆ ಸ್ವಲ್ಪ ಸರಿ ಮಾಡಿಕೊಡಿ’ ಅಂತ ಅರ್ಧ ರೇಟಿಗೆ ನಮಗೇ ಕೊಡುತ್ತಾರೆ. ಸರಿ ಮಾಡುವುದು ಅಂದ್ರೆ ಹೊಸದಾಗಿ ಬರೆಯುವುದೇ.

ಕೆಲಸ ಹೇಳುವ ದಿನವೇ ಒಂದು ಇಮೇಲ್ ಕಳಿಸಿ: ಎಷ್ಟು ಫ್ರೇಮ್, ಫ್ರೇಮಿಗೆ ಎಷ್ಟು, ಎಷ್ಟು ಸಲ ತಿದ್ದುಪಡಿ. ಅರ್ಧ ಮುಂಗಡ. ಉಳಿದರ್ಧ, ಪಿಚ್ ಗೆದ್ದರೂ ಸೋತರೂ, 45 ದಿನದೊಳಗೆ. ನನ್ನ ಜತೆಯ ಕಲಾವಿದರಿಗೂ ಒಂದು ಮಾತು: ಆ ಇಮೇಲ್ ಬರುವವರೆಗೆ ಮೊದಲ ಫ್ರೇಮ್ ಶುರು ಮಾಡಬೇಡಿ.

– ಒಬ್ಬ ಸ್ಟೋರಿಬೋರ್ಡ್ ಕಲಾವಿದ, ಬೆಂಗಳೂರು