ಅಪ್ಪನಿಗೆ, ಮಾರ್ಬರಿಯ ವಿಷಯ

ಬೀಜಿಂಗ್
ಡಿಸೆಂಬರ್, ಭಾನುವಾರ

ಪ್ರೀತಿಯ ಅಪ್ಪನಿಗೆ,

ನಮಸ್ಕಾರಗಳು. ನಾವಿಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಮಂಡಿನೋವು ಹೇಗಿದೆ? ಬೆಳಗ್ಗೆ ವಾಕಿಂಗ್ ಬಿಟ್ಟಿದ್ದೀರಿ ಅಂತ ಅಮ್ಮ ಹೇಳಿದಳು. ಪೂರ್ತಿ ಬಿಡಬೇಡಿ, ಅರ್ಧ ದೂರವಾದರೂ ನಡೆಯಿರಿ. ಇಲ್ಲಿ ಚಳಿ ಶುರುವಾಗಿದೆ. ಮನೆ ಒಳಗೆ ಬೆಚ್ಚಗಿರುತ್ತದೆ, ಹೊರಗೆ ಕಾಲಿಟ್ಟರೆ ಮೂಗು ಮರಗಟ್ಟುತ್ತದೆ.

ಪುಟ್ಟುವಿನ ವಿಷಯ ಅಣ್ಣ ಹೇಳಿದ. ಬೆಂಗಳೂರಿನ ಬಾಸ್ಕೆಟ್‌ಬಾಲ್ ತಂಡದವರು ಈ ವರ್ಷ ಅವನನ್ನು ಕೈಬಿಟ್ಟರಂತೆ. ಬೇರೆ ಜಿಲ್ಲೆಯ ಕಾಲೇಜಿನವರು ಕರೆದಿದ್ದಾರಂತೆ, ಹಾಸ್ಟೆಲ್ಲು, ಊಟ, ಫೀಸು ಎಲ್ಲಾ ಅವರದೇ. ನೀವು ಮಾತ್ರ ‘ಅಷ್ಟು ಸಣ್ಣ ಊರಿಗೆ ಹೋಗಿ ಆಡುವುದಾದರೆ ಆಟ ಸಾಕು, ಓದಿಕೊಳ್ಳಲಿ’ ಅಂದಿರಂತೆ. ಇದರ ಬಗ್ಗೆ ನನಗೆ ಹೇಳುವುದು ಬಹಳ ಇದೆ. ಫೋನಿನಲ್ಲಿ ಆಗುವುದಿಲ್ಲ, ಮಧ್ಯೆ ಅಮ್ಮ ಬರುತ್ತಾಳೆ, ಲೈನ್ ಕಟ್ ಆಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಹೋದ ತಿಂಗಳು ಸ್ಟೇಡಿಯಂನಿಂದ ಒಂದು ಫೋಟೊ ಕಳಿಸಿದ್ದೆನಲ್ಲ. ನನ್ನ ಪಕ್ಕ ನಿಂತವರ ಬೆನ್ನ ಮೇಲೆ ಯಾರ ಹೆಸರು ಅಂತ ನೀವು ಕೇಳಿದ್ದಿರಿ. ಅದು ಸ್ಟೆಫನ್ ಮಾರ್ಬರಿ ಅನ್ನುವವನ ಹೆಸರು. ಅಮೆರಿಕದವನು. ಇಲ್ಲಿಯವರು ಮಾಬುಲಿ ಅನ್ನುತ್ತಾರೆ. ಅವನು ಆಟ ನಿಲ್ಲಿಸಿದ್ದು 2018ರಲ್ಲಿ. ಆದರೂ ಬೀಜಿಂಗಿನಲ್ಲಿ ಯಾರ ಹತ್ತಿರ ಬಾಸ್ಕೆಟ್‌ಬಾಲ್ ಮಾತು ತೆಗೆದರೂ ಎರಡನೇ ವಾಕ್ಯಕ್ಕೆ ಅವನ ಹೆಸರು ಬರುತ್ತದೆ. ಪುಟ್ಟುವಿನ ವಿಷಯ ಕೇಳಿದಾಗಿನಿಂದ ನನ್ನ ತಲೆಯಲ್ಲಿ ಇವನೇ ಓಡಾಡುತ್ತಿದ್ದಾನೆ.

ಅವನು ಹುಟ್ಟಿದ್ದು 1977ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅಲ್ಲಿ ಕೋನಿ ಐಲ್ಯಾಂಡ್ ಅಂತ ಸಮುದ್ರದ ಪಕ್ಕದ ಜಾಗ. ಬಡವರಿಗಾಗಿ ಸರ್ಕಾರ ಕಟ್ಟಿದ ಎತ್ತರದ ವಸತಿ ಕಟ್ಟಡಗಳಲ್ಲಿ ಬೆಳೆದ. ಮನೆಯಲ್ಲಿ ಏಳು ಮಕ್ಕಳು, ಇವನು ಆರನೆಯವನು. ಅಣ್ಣಂದಿರೂ ಚೆನ್ನಾಗಿ ಆಡುತ್ತಿದ್ದರು, ಅಮೆರಿಕದ ದೊಡ್ಡ ಲೀಗ್ ಎನ್‌ಬಿಎಯನ್ನು ಒಬ್ಬರೂ ಮುಟ್ಟಲಿಲ್ಲ. ಆ ಆಸೆಯೆಲ್ಲ ಬಂದು ಇವನ ತಲೆಯ ಮೇಲೆ ಕೂತಿತು. ಲಿಂಕನ್ ಹೈಸ್ಕೂಲಿನಲ್ಲಿ ಹೆಸರು ಮಾಡಿದ, ಜಾರ್ಜಿಯಾ ಟೆಕ್‌ನಲ್ಲಿ ಒಂದೇ ವರ್ಷ ಓದಿದ, ಎನ್‌ಬಿಎ ತಂಡಗಳು ಸರದಿಯಲ್ಲಿ ಹೊಸಬರನ್ನು ಆರಿಸುವ 1996ರ ಡ್ರಾಫ್ಟಿನಲ್ಲಿ ನಾಲ್ಕನೆಯವನಾಗಿ ಆಯ್ಕೆಯಾದ. ಆಗ ಅವನಿಗೆ 19 ವರ್ಷ.

ಮಿನೆಸೋಟಾದಲ್ಲಿ ಕೆವಿನ್ ಗಾರ್ನೆಟ್ ಜೊತೆ ಆಡಲು ಶುರು ಮಾಡಿದ. ಇಬ್ಬರೂ ಎಳೆಯರು, ಇಬ್ಬರೂ ಅಸಾಧ್ಯ ಪ್ರತಿಭೆಯವರು. ಹತ್ತು ವರ್ಷ ಜೊತೆಗಿದ್ದಿದ್ದರೆ ಏನೇನು ಗೆಲ್ಲುತ್ತಿದ್ದರೋ. ಅಷ್ಟರಲ್ಲಿ ಗಾರ್ನೆಟ್‌ಗೆ ಆರು ವರ್ಷಕ್ಕೆ 12 ಕೋಟಿ 60 ಲಕ್ಷ ಡಾಲರ್ ಕೊಟ್ಟರು. ಮಾಲೀಕರೆಲ್ಲ ಗಾಬರಿಯಾಗಿ ಆಟಗಾರರ ಸಂಬಳಕ್ಕೆ ಮಿತಿ ಹಾಕಿದರು. ಇವನ ಸರದಿ ಬಂದಾಗ ಅಷ್ಟು ಸಿಗುವ ಹಾಗಿರಲಿಲ್ಲ. ಇವನು ಹೊರಟುಬಿಟ್ಟ. 1999ರಲ್ಲಿ ನ್ಯೂಜೆರ್ಸಿ, 2001ರಲ್ಲಿ ಫೀನಿಕ್ಸ್, 2004ರಲ್ಲಿ ತನ್ನೂರು ನ್ಯೂಯಾರ್ಕ್.

ಅಂಕಿಗಳನ್ನು ನೋಡಿದರೆ ಯಾರೂ ಬೆರಳು ತೋರಿಸುವ ಹಾಗಿಲ್ಲ. ಎನ್‌ಬಿಎಯಲ್ಲಿ 846 ಪಂದ್ಯ. ಪಂದ್ಯಕ್ಕೆ ಸರಾಸರಿ 19.3 ಪಾಯಿಂಟ್, 7.6 ಅಸಿಸ್ಟ್, ಅಂದರೆ ಇನ್ನೊಬ್ಬರ ಪಾಯಿಂಟಿಗೆ ಕೊಟ್ಟ ಪಾಸ್. ಎರಡು ಸಲ ಆಲ್‌ಸ್ಟಾರ್. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಸ್ಪೇನ್ ಮೇಲೆ ಒಬ್ಬನೇ 31 ಪಾಯಿಂಟ್ ಹೊಡೆದ. ಆದರೆ ತಂಡ? ನೀವು ಮೈದಾನದಲ್ಲಿ ಯಾವಾಗಲೂ ಮೊದಲು ಕೇಳುತ್ತಿದ್ದದ್ದು ಇದನ್ನೇ ಅಲ್ವಾ. ಇವನನ್ನು ಕೊಟ್ಟು ಜೇಸನ್ ಕಿಡ್‌ನನ್ನು ತಂದ ನ್ಯೂಜೆರ್ಸಿ ಮುಂದಿನ ವರ್ಷವೇ ಫೈನಲ್ ಮುಟ್ಟಿತು. ಇವನು ಹೋದ ಮೇಲೆ ಫೀನಿಕ್ಸ್‌ನವರು ಸ್ಟೀವ್ ನ್ಯಾಶ್‌ನನ್ನು ತಂದರು. ಒಂದು ಸೀಸನ್ ಮೊದಲು 29 ಪಂದ್ಯ ಗೆದ್ದಿದ್ದ ತಂಡ 62 ಗೆದ್ದಿತು. ಜನ ಮಾತಾಡದೆ ಬಿಡುತ್ತಾರೆಯೇ? ಸ್ವಾರ್ಥಿ ಅಂದರು. ಇವನು ಬಿಟ್ಟ ತಂಡ ಉದ್ಧಾರ ಆಗುತ್ತದೆ ಅಂದರು.

ಆ ಮಾತಿನಲ್ಲಿ ಸುಳ್ಳು ಪೂರ್ತಿ ಇಲ್ಲ. ಆಟ ಕಟ್ಟಿಕೊಡುವ ಪಾಯಿಂಟ್ ಗಾರ್ಡ್ ಆದವನ ಕಣ್ಣು ಬುಟ್ಟಿಯ ಮೇಲಲ್ಲ, ಉಳಿದ ನಾಲ್ವರ ಮೇಲೆ ಇರಬೇಕು ಅಂತ ನೀವೇ ನಮಗೆ ಕಲಿಸಿದ್ದು. ಅವನ ಆಗಿನ ಆಟದ ವಿಡಿಯೊ ನೋಡಿದರೆ ಕಣ್ಣು ಬುಟ್ಟಿಯ ಮೇಲೇ. ಆದರೆ 19 ವರ್ಷದ ಹುಡುಗನ ಮೇಲೆ ಒಂದು ಮನೆಯ, ಒಂದು ಕೇರಿಯ ಭಾರವನ್ನೆಲ್ಲ ಹೊರಿಸಿ, ಊರಿಂದೂರಿಗೆ ಅಟ್ಟಿ, ಆಮೇಲೆ ಯಾಕೆ ಹೀಗಾದೆ ಅಂತ ಕೇಳುವುದೂ ನ್ಯಾಯ ಅಲ್ಲ.

ಒಂದು ವಿಷಯ ಮಾತ್ರ ನಿಮಗೆ ತುಂಬಾ ಹಿಡಿಸುತ್ತದೆ. 2006ರಲ್ಲಿ ಅವನು ತನ್ನ ಹೆಸರಿನಲ್ಲಿ ಶೂ ತಂದ. ಸ್ಟಾರ್‌ಬರಿ ಅಂತ. ಬೇರೆ ಆಟಗಾರರ ಶೂ ನೂರು ನೂರೈವತ್ತು ಡಾಲರ್ ಇದ್ದ ಕಾಲ. ಇವನದು 14 ಡಾಲರ್ 98 ಸೆಂಟ್. ಆಗಿನ ಲೆಕ್ಕದಲ್ಲಿ ನಮ್ಮ 700 ರೂಪಾಯಿಯೊಳಗೆ. ಅದೇ ಶೂ ಹಾಕಿಕೊಂಡು ಎನ್‌ಬಿಎ ಪಂದ್ಯ ಆಡಿದ. ಅಗ್ಗದ ಶೂ ಅಂತ ಮಕ್ಕಳು ನಾಚಿಕೊಳ್ಳಬಾರದು ಅಂತ. ಮಾರುತ್ತಿದ್ದ ಅಂಗಡಿಯವರು ಎರಡು ವರ್ಷದಲ್ಲಿ ದಿವಾಳಿಯಾದರು, ಅದು ಬೇರೆ ಮಾತು. ನಮ್ಮ ಸ್ಕೂಲಿನಲ್ಲಿ ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂವನ್ನು ಇಬ್ಬರು ಹುಡುಗಿಯರು ಹಂಚಿಕೊಂಡು ಹಾಕುತ್ತಿದ್ದರಲ್ಲ, ಒಬ್ಬಳು ಬೆಂಚಿಗೆ ಬಂದು ಬಿಚ್ಚಿಕೊಟ್ಟರೆ ಇನ್ನೊಬ್ಬಳು ಒಳಗೆ ಹೋಗಬೇಕಿತ್ತಲ್ಲ, ಅದು ನೆನಪಾಗಿ ನನಗೆ ಕಣ್ಣು ತುಂಬಿತು.

ನ್ಯೂಯಾರ್ಕಿನಲ್ಲಿ ಅವನ ಕೊನೆಯ ವರ್ಷಗಳು ತುಂಬಾ ಕೆಟ್ಟವು. ಕೋಚ್‌ಗಳ ಜೊತೆ ಜಗಳ. ತವರಿನ ಜನವೇ ಸ್ಟೇಡಿಯಂನಲ್ಲಿ ಕೂಗಿ ಅವಮಾನ ಮಾಡಿದರು. 2007ರ ಡಿಸೆಂಬರ್‌ನಲ್ಲಿ ಮಗನ ಪಂದ್ಯ ನಡೆಯುವಾಗಲೇ ಅವನ ತಂದೆಗೆ ಎದೆನೋವು ಬಂದು ತೀರಿಕೊಂಡರು. ಮಗನಿಗೆ ಗೊತ್ತಾಗಿದ್ದು ಪಂದ್ಯ ಮುಗಿದ ಮೇಲೆ. ಅಲ್ಲಿಂದ ಮನುಷ್ಯ ಕುಸಿದ. 2008–09ರಲ್ಲಿ ವರ್ಷಕ್ಕೆ 2 ಕೋಟಿ ಡಾಲರ್ ಸಂಬಳ ಕೊಟ್ಟು ಆಡಿಸದೆ ಕೂರಿಸಿದರು. ಕೊನೆಗೆ ಬಾಸ್ಟನ್‌ನಲ್ಲಿ ಸ್ವಲ್ಪ ದಿನ ಬೆಂಚ್ ಆಟಗಾರನಾಗಿದ್ದ. 2009ರ ಬೇಸಿಗೆಯಲ್ಲಿ ಇಂಟರ್ನೆಟ್ಟಿನಲ್ಲಿ ಇಡೀ ದಿನ ಕ್ಯಾಮೆರಾ ಮುಂದೆ ಕೂತ. ಅತ್ತ. ಏನೇನೋ ಮಾಡಿದ. ಜನ ನೋಡಿ ನಕ್ಕರು. ಆಗ ಬದುಕೇ ಬೇಡ ಅನ್ನಿಸಿತ್ತು ಅಂತ ಅವನೇ ಆಮೇಲೆ ಹೇಳಿದ್ದಾನೆ. ಆ ನಗುವಿನ ವಿಡಿಯೊಗಳು ಇನ್ನೂ ಇವೆ. ನನಗೆ ಪೂರ್ತಿ ನೋಡಲು ಆಗಲಿಲ್ಲ.

2010ರ ಜನವರಿಯಲ್ಲಿ ಅವನು ಚೀನಾಕ್ಕೆ ಬಂದ. ಬೀಜಿಂಗಿಗಲ್ಲ, ಶಾಂಘೈಗೂ ಅಲ್ಲ. ಶಾನ್ಶಿ ಪ್ರಾಂತ್ಯದ ತೈಯುವಾನ್‌ಗೆ. ಕಲ್ಲಿದ್ದಲಿನ ಸೀಮೆ. ನಾನು ಆಫೀಸಿನ ಕೆಲಸಕ್ಕೆ ಚಳಿಗಾಲದಲ್ಲಿ ಅಲ್ಲಿಗೆ ಹೋಗಿದ್ದೇನೆ. ಸಂಜೆ ನಾಲ್ಕಕ್ಕೇ ಬೂದು ಕವಿಯುತ್ತದೆ. ನ್ಯೂಯಾರ್ಕಿನಲ್ಲಿ ಮೆರೆದವನು ಆ ಊರಿನಲ್ಲಿ ಇಳಿದಾಗ ಅವನ ಎದೆ ಹೇಗೆ ಹೊಡೆದುಕೊಂಡಿರಬೇಕು! ಭಾಷೆ ಬರುವುದಿಲ್ಲ, ಊಟ ಗೊತ್ತಿಲ್ಲ, ತಂಡ ಗೆಲ್ಲುವ ತಂಡ ಅಲ್ಲ. ಅಮೆರಿಕದಲ್ಲಿ ಎಲ್ಲರೂ ಇವನ ಕಥೆ ಮುಗಿಯಿತು ಅಂದರು.

ಇಲ್ಲಿಗೆ ಬರುವ ಅಮೆರಿಕದ ಆಟಗಾರರಲ್ಲಿ ಬಹಳ ಜನ ಸೀಸನ್ ಮುಗಿದ ಕೂಡಲೇ ವಿಮಾನ ಹತ್ತುತ್ತಾರೆ. ದುಡ್ಡು ಎಣಿಸಿಕೊಂಡು ಮನೆಗೆ. ಅದು ತಪ್ಪೂ ಅಲ್ಲ, ಅವರ ಹೊಟ್ಟೆಪಾಡು. ಮಾರ್ಬರಿ ಹಾಗೆ ಮಾಡಲಿಲ್ಲ. ಮೊದಲ ಸೀಸನ್ ಆದ ಮೇಲೆ ಶಾನ್ಶಿಯವರು ಇವನನ್ನು ಕೈಬಿಟ್ಟರು. ಆಗಲೂ ವಾಪಸ್ ಹೋಗಲಿಲ್ಲ. ದಕ್ಷಿಣದ ಫೋಶಾನ್‌ಗೆ ಹೋದ, ಅಲ್ಲಿ ಒಂದು ಸೀಸನ್ ಆಡಿದ. 2011ರಲ್ಲಿ ಬೀಜಿಂಗ್ ಡಕ್ಸ್ ತಂಡ ಕರೆಯಿತು.

ಡಕ್ಸ್ ಅಲ್ಲಿಯವರೆಗೆ ಒಂದು ಸಲವೂ ಚೀನಾದ ಲೀಗ್ ಗೆದ್ದಿರಲಿಲ್ಲ. ರಾಜಧಾನಿಯ ತಂಡವಾದರೂ ಟ್ರೋಫಿ ಇಲ್ಲ. ದೊಡ್ಡಣ್ಣ ಅಂದರೆ ಗ್ವಾಂಗ್‌ಡಾಂಗ್, 2004ರಿಂದ 2011ರೊಳಗೆ ಏಳು ಸಲ ಗೆದ್ದವರು. ಡಕ್ಸ್ ಕೋಚ್ ಮಿನ್ ಲುಲೇ. ಜೊತೆಗೆ ರಾಂಡಾಲ್ಫ್ ಮಾರಿಸ್ ಅಂತ ಎತ್ತರದ ಇನ್ನೊಬ್ಬ ಅಮೆರಿಕನ್. ಉಳಿದವರೆಲ್ಲ ಚೀನೀ ಹುಡುಗರು. 2012ರ ಸೆಮಿಫೈನಲ್‌ನಲ್ಲಿ ಎದುರಿಗೆ ಬಂದದ್ದು ಯಾರು ಅಂದುಕೊಂಡಿರಿ? ಇವನನ್ನು ಕೈಬಿಟ್ಟಿದ್ದ ಅದೇ ಶಾನ್ಶಿ. ಐದು ಪಂದ್ಯದ ಆ ಸರಣಿಯನ್ನು ಡಕ್ಸ್ 3–2ರಲ್ಲಿ ಗೆದ್ದಿತು. ಫೈನಲ್ಲಿನಲ್ಲಿ ಎದುರಿಗೆ ಗ್ವಾಂಗ್‌ಡಾಂಗ್.

ಆ ಫೈನಲಿನ ಐದನೇ ಪಂದ್ಯದ ರೆಕಾರ್ಡಿಂಗನ್ನು ಪೂರ್ತಿ ನೋಡಿದ್ದೇನೆ ಅಪ್ಪ. ನೀವೂ ನೋಡಬೇಕು, ಲಿಂಕ್ ಅಣ್ಣನಿಗೆ ಕಳಿಸುತ್ತೇನೆ. ಮಾರಿಸ್ ಮುಂದೆ ಬಂದು ಸ್ಕ್ರೀನ್ ಹಾಕುತ್ತಾನೆ, ಡಿಫೆಂಡರ್‌ನ ದಾರಿಗೆ ಅಡ್ಡ ನಿಲ್ಲುತ್ತಾನೆ. ಮಾರ್ಬರಿ ಅವನ ಭುಜಕ್ಕೆ ತಾಗಿಕೊಂಡೇ ಸುತ್ತಿ ಬರುತ್ತಾನೆ. ಡಿಫೆಂಡರ್ ಹಿಂದೆ ಉಳಿದ ಅಂತ ಗೊತ್ತಾದ ಕ್ಷಣ ಓಟ ನಿಧಾನ ಮಾಡುತ್ತಾನೆ, ಜೋರು ಮಾಡುವುದಿಲ್ಲ. ಎದುರಿನ ದೊಡ್ಡವನು ಯಾವ ಕಡೆ ಕಾಲಿಡುತ್ತಾನೆ ಅಂತ ಕಾಯುತ್ತಾನೆ. ಅವನು ಮುಂದೆ ಬಂದರೆ ಚೆಂಡು ಮಾರಿಸ್ ಕೈಗೆ. ಹಿಂದೆ ಸರಿದರೆ ತಾನೇ ಎತ್ತಿ ಹಾಕುತ್ತಾನೆ. ಆ ಕಾಯುವುದಿದೆಯಲ್ಲ, ಅದನ್ನು ಅವನ ಎನ್‌ಬಿಎ ದಿನಗಳಲ್ಲಿ ನಾನು ಇಷ್ಟು ನೋಡಲಿಲ್ಲ. ಅವನಿಗೆ ಆಗ 35 ವರ್ಷ. 41 ಪಾಯಿಂಟ್ ಹೊಡೆದ. 124–121. ಬೀಜಿಂಗಿಗೆ ಮೊದಲ ಟ್ರೋಫಿ. ಮುಗಿದ ಕೂಡಲೇ ಅತ್ತುಬಿಟ್ಟ.

ಅದೇ ವರ್ಷ ಅವನದೊಂದು ಪ್ರತಿಮೆಯನ್ನೇ ಮಾಡಿಸಿ ಸ್ಟೇಡಿಯಂ ಹೊರಗೆ ನಿಲ್ಲಿಸಿದರು. 2014ರಲ್ಲಿ ಶಿಂಜಿಯಾಂಗ್ ಮೇಲೆ, 2015ರಲ್ಲಿ ಲಿಯಾವೊನಿಂಗ್ ಮೇಲೆ ಗೆದ್ದು ನಾಲ್ಕು ವರ್ಷದಲ್ಲಿ ಮೂರು ಟ್ರೋಫಿ. ನಗರದವರು ಗೌರವ ನಾಗರಿಕ ಅಂತ ಮಾಡಿದರು, ಅವನ ಬದುಕಿನ ಮೇಲೆ ಸಂಗೀತ ನಾಟಕ ಆಡಿದರು, ಅದರಲ್ಲಿ ಅವನೇ ಅವನ ಪಾತ್ರ ಮಾಡಿದ. ಚೀನಾದ ಕಾಯಂ ನಿವಾಸ ಕಾರ್ಡ್ ಸಿಕ್ಕಿತು. ಅದು ಹೊರದೇಶದವರಿಗೆ ಎಷ್ಟು ಕಷ್ಟ ಅಂತ ಇಲ್ಲಿ ವೀಸಾ ಸಾಲಿನಲ್ಲಿ ನಿಲ್ಲುವ ನಮ್ಮಂಥವರಿಗೆ ಗೊತ್ತು.

ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಬೇರೆ. ಅವನು ಪಂದ್ಯಕ್ಕೆ ಮೆಟ್ರೊದಲ್ಲಿ ಹೋಗುತ್ತಿದ್ದ. ಸ್ಟೇಡಿಯಂ ಇರುವುದು ವುಕೆಸಾಂಗ್‌ನಲ್ಲಿ, ಒಂದನೇ ಲೈನ್. ಜನಗಳ ಮಧ್ಯೆ ನಿಂತು, ಕಂಬಿ ಹಿಡಿದುಕೊಂಡು. ಫೋಟೊದಲ್ಲಿ ನನ್ನ ಜೊತೆ ಇದ್ದವರು ಬೀಜಿಂಗಿನಲ್ಲೇ ಹುಟ್ಟಿ ಬೆಳೆದವರು. ಅವರು ಹೇಳುವುದು, ‘ಟ್ರೋಫಿ ತರುವವರು ಬರುತ್ತಾರೆ, ಹೋಗುತ್ತಾರೆ. ಅವನು ನಮ್ಮ ಊರನ್ನು ತನ್ನ ಊರು ಅಂದ.’ ಹೇಳುವಾಗ ಅವರ ಧ್ವನಿ ಬದಲಾಯಿತು. ಕ್ವಾರ್ಟರ್ ಮಧ್ಯೆ ಬೇರೆಯವರೆಲ್ಲ ತಂಡವನ್ನು ಹುರಿದುಂಬಿಸಲು ಜಿಯಾಯೋ ಜಿಯಾಯೋ ಅಂತ ಕೂಗುತ್ತಿದ್ದರೆ ಇವರು ನನಗೆ ಮಾರ್ಬರಿಯ ಕಥೆ ಹೇಳುತ್ತಲೇ ಇದ್ದರು.

ಡಕ್ಸ್‌ನವರ ಜೊತೆ ಆರು ಸೀಸನ್ ಇದ್ದ. ಅಷ್ಟು ಕಾಲ ಅವನು ಬೇರೆ ಯಾವ ತಂಡದಲ್ಲೂ ನಿಂತಿರಲಿಲ್ಲ. 2017ರಲ್ಲಿ ಡಕ್ಸ್‌ನವರು ಇನ್ನು ಸಾಕು ಅಂದಾಗ ಅದೇ ಊರಿನ ಇನ್ನೊಂದು ತಂಡದಲ್ಲಿ ಒಂದು ವರ್ಷ ಆಡಿ, 41 ತುಂಬುವ ಹೊತ್ತಿಗೆ ಆಟ ಬಿಟ್ಟ. 2019ರಲ್ಲಿ ಬೀಜಿಂಗಿನಲ್ಲೇ ಕೋಚ್ ಆದ. 2020ರಲ್ಲಿ ಕೊರೊನಾ ಬಂದು ನ್ಯೂಯಾರ್ಕ್ ಒದ್ದಾಡುವಾಗ, ಚೀನಾದಿಂದ ಆ ಊರಿಗೆ ಒಂದು ಕೋಟಿ ಮಾಸ್ಕ್ ಕಳಿಸಲು ಓಡಾಡಿದ. ಕೂಗಿ ಅವಮಾನ ಮಾಡಿದ್ದ ಅದೇ ಊರಿಗೆ.

ಅಪ್ಪ, ನೀವು ಸಣ್ಣ ಊರು ಅಂತೀರಿ. ಅಲ್ಲಿ ಪುಟ್ಟುವಿಗೆ ದಿನಾ ಕೋರ್ಟ್ ಸಿಗುತ್ತದೆ. ಐದು ಜನರಲ್ಲಿ ಒಬ್ಬನಾಗಿ ಪೂರ್ತಿ ಪಂದ್ಯ ಆಡುತ್ತಾನೆ. ಬೆಂಗಳೂರಿನಲ್ಲಿ ಎರಡು ವರ್ಷ ಅವನು ಟವೆಲ್ ಹಿಡಿದು ಬೆಂಚಿನ ತುದಿಯಲ್ಲಿ ಕೂತಿದ್ದ, ನೀವೇ ನೋಡಿ ಬಂದಿದ್ದೀರಿ. 17ರ ಹುಡುಗನಿಗೆ ಬೇಕಾಗಿರುವುದು ಊರಿನ ಹೆಸರಲ್ಲ, ಆಡುವ ನಿಮಿಷಗಳು. ಅವನ ಆಟ ಹಾಳಾಗಿಲ್ಲ. ಅವನ ಮುಖ ಹಾಳಾಗಿದೆ. ವಿಡಿಯೊ ಕಾಲ್‌ನಲ್ಲಿ ನನ್ನನ್ನು ನೋಡಿ ಮಾತಾಡಲಿಲ್ಲ. ಓದು ಅಲ್ಲೂ ಇದೆ, ಬಿಕಾಂ ಅಲ್ಲೂ ಬಿಕಾಂ ತಾನೇ. ದಯವಿಟ್ಟು ಕಳಿಸಿ. ನೀವು ಹೂಂ ಅಂದರೆ ಅಣ್ಣ ನಾಳೆಯೇ ಹೊರಡಿಸುತ್ತಾನೆ. ನಿಮ್ಮ ಮಾತು ಮೀರುವವನಲ್ಲ.

ಒಂದು ಷರತ್ತು ಬೇಕಾದರೆ ಹಾಕಿ. ಎರಡು ವರ್ಷ ಆ ತಂಡ ಬಿಟ್ಟು ಅಲುಗಾಡಬಾರದು ಅಂತ. ಯಾರು ಕರೆದರೂ.

ಶೂ ನಾನು ಕಳಿಸುತ್ತೇನೆ, ಅದಕ್ಕೆ ಅಣ್ಣ ಖರ್ಚು ಮಾಡುವುದು ಬೇಡ. ಪುಟ್ಟುವಿಗೆ ಕಾಗದದ ಮೇಲೆ ಪಾದ ಇಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದು ಅಳತೆ ಬರೆದು ಕಳಿಸಲು ಹೇಳಿ, ಇಲ್ಲಿಯ ಸೈಜ್ ನಂಬರೇ ಬೇರೆ. ಅಮ್ಮ ಕೇಳಿದ ಉಣ್ಣೆ ಶಾಲೂ ಅದೇ ಪಾರ್ಸೆಲ್‌ನಲ್ಲಿ ಬರುತ್ತದೆ. ಭಾನುವಾರ ಸಂಜೆ ಫೋನ್ ಮಾಡುತ್ತೇನೆ, ಆಗ ನಿಮ್ಮ ತೀರ್ಮಾನ ಹೇಳಿ.

ನಿಮ್ಮ ಪ್ರೀತಿಯ ಮಗಳು