ಸೌದಿಯ ಬೆಳಗಿನ ತಿಂಡಿ 'ಮಂದಿ', 'ಕಬ್ಸ' ಅಲ್ಲ

ಮಾನ್ಯ ಸಂಪಾದಕರೇ,

ಅರಬ್ ಊಟ ಎಂದೊಡನೆ ನಮ್ಮ ಪತ್ರಿಕೆಗಳ ಆಹಾರ ಪುಟಗಳಲ್ಲಿ ಅನ್ನ, ಮಾಂಸದ ಮಂದಿ, ಕಬ್ಸ, ಇಲ್ಲವೇ ಶವರ್ಮಗಳೇ ಕಾಣಿಸುತ್ತವೆ. ಅವು ಮಧ್ಯಾಹ್ನ, ರಾತ್ರಿಯ ಊಟಗಳು. ಬೆಳಗಿನ ತಿಂಡಿಯ ಬಗ್ಗೆ ಯಾರೂ ಬರೆಯದ ಕಾರಣ, ಸೌದಿಗೆ ನೌಕರಿಗೆಂದು ಬರುವ ಸಸ್ಯಾಹಾರಿಗಳು ಇಲ್ಲಿ ಬರೀ ಮಾಂಸ ಎಂದುಕೊಂಡು ಬ್ರೆಡ್ಡು, ಜ್ಯಾಮಿನಲ್ಲೇ ತಿಂಗಳುಗಟ್ಟಲೆ ದಿನ ದೂಡುತ್ತಾರೆ. ಜಿದ್ದಾದ ಯಾವುದೇ ಹಳೆಯ ಬಡಾವಣೆಯಲ್ಲಿ ಬೆಳಗಿನ ನಮಾಜು ಮುಗಿಯುತ್ತಿದ್ದಂತೆ ಜನ ಸಾಲುಗಟ್ಟುವುದು ಬೇಯಿಸಿದ ಕಾಳು ಮತ್ತು ಬಿಸಿ ರೊಟ್ಟಿಗೆ.

ಆ ಕಾಳೇ ಫೂಲ್, ಅಂದರೆ ಒಣಗಿದ ಫಾವಾ ಬೀನ್ಸ್. ರಾತ್ರಿಯಿಡೀ ನೆನೆಸಿ, ಜರ್ರ ಎಂಬ ಕಿರಿದಾದ ಕುತ್ತಿಗೆಯ ಕೊಡದಲ್ಲಿ ಹಾಕಿ, ಸಣ್ಣ ಉರಿಯಲ್ಲಿ ಎಂಟರಿಂದ ಹನ್ನೆರಡು ಗಂಟೆ ಬೇಯಿಸುತ್ತಾರೆ. ಕುತ್ತಿಗೆ ಕಿರಿದಾಗಿರುವುದರಿಂದ ನೀರು ಬೇಗ ಆವಿಯಾಗಿ ಹೋಗದು. ಟೊಮೆಟೊ, ನಿಂಬೆಯನ್ನು ಮೊದಲೇ ಹಾಕಿದರೆ ಸಿಪ್ಪೆ ಬೇಗ ಮೆತ್ತಗಾಗುವುದಿಲ್ಲ, ಅವೆಲ್ಲ ಕೊನೆಗೆ. ಉದ್ದ ಹಿಡಿಯ ಸೌಟಿನಿಂದ ಬಟ್ಟಲಿಗೆ ಬಗ್ಗಿಸಿ, ಕಿವುಚಿ, ಜೀರಿಗೆ ಪುಡಿ, ಹೆಚ್ಚಿದ ಟೊಮೆಟೊ, ಈರುಳ್ಳಿ, ಎಳ್ಳು ಅರೆದ ತಹೀನ ಸೇರಿಸುತ್ತಾರೆ. ಮೇಲೆ ಸಮ್ನ್, ಅಂದರೆ ತುಪ್ಪ. ಕೆಲವು ಅಂಗಡಿಗಳಲ್ಲಿ ಬಟ್ಟಲಿನ ನಡುವೆ ಕೆಂಡವೊಂದನ್ನಿಟ್ಟು, ಅದರ ಮೇಲೆ ತುಪ್ಪ ಬಿಟ್ಟು, ಒಂದೆರಡು ನಿಮಿಷ ಮುಚ್ಚಿಡುತ್ತಾರೆ. ಮುಚ್ಚಳ ತೆಗೆದಾಗ ಏಳುವ ಆ ಹೊಗೆಯ ಘಮಕ್ಕಾಗಿಯೇ ಹಿಜಾಜ್ ಸೀಮೆಯವರು, ಅಂದರೆ ಮೆಕ್ಕಾ, ಮದೀನಾ, ಜಿದ್ದಾ ಇರುವ ಪಶ್ಚಿಮ ಸೌದಿಯವರು, ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ.

ಇತ್ತೀಚೆಗೆ ಹವಾನಿಯಂತ್ರಿತ ಕೆಫೆಗಳೂ 'ಸಾಂಪ್ರದಾಯಿಕ ಫೂಲ್' ಎಂದು ಬಡಿಸುತ್ತಿವೆ. ಒಳ್ಳೆಯವು ಇವೆ. ಆದರೆ ಡಬ್ಬಿಯ ಕಾಳನ್ನು ಬಿಸಿ ಮಾಡಿ ಕೊಡುವವೂ ಇವೆ, ಗುರುತಿಸುವುದು ಸುಲಭ: ಚಮಚದಿಂದ ನಡುವೆ ಒಂದು ಗೆರೆ ಎಳೆಯಿರಿ. ನೀರು ಅಂಚಿಗೆ ಬೇರೆಯಾಗಿ ಹರಿದರೆ ಅದು ಅವಸರದ ಅಡುಗೆ. ಚೆನ್ನಾಗಿ ಬೆಂದ ಕಾಳು ಬೆರಳ ನಡುವೆ ಸಿಪ್ಪೆ ಸಮೇತ ಕರಗುತ್ತದೆ.

ಫೂಲ್‌ಗೆ ಜೊತೆ ತಮೀಸ್, ಮಧ್ಯ ಏಷ್ಯಾದ ಕಡೆಯಿಂದ ಹಜ್‌ಗೆ ಬಂದವರೊಡನೆ ಹಿಜಾಜ್‌ಗೆ ಬಂದು ನೆಲೆಸಿದ ತಂದೂರಿ ರೊಟ್ಟಿ. ಮೊರದಷ್ಟು ಅಗಲ, ಇಬ್ಬರಿಗೆ ಒಂದು ಸಾಕು. ಹತ್ತು ನಿಮಿಷ ಬಿಟ್ಟರೆ ಚರ್ಮದಂತೆ ಬಿರುಸಾಗುತ್ತದೆ, ಆದ್ದರಿಂದ ಫೂಲ್ ಮೇಜಿಗೆ ಬಂದ ಮೇಲೆಯೇ ತಮೀಸ್ ಹೇಳಿ. ಪಾರ್ಸೆಲ್ ಒಯ್ಯುವವರು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಸಿಕೊಳ್ಳಬೇಡಿ, ಹಬೆ ಕಟ್ಟಿ ಒದ್ದೆಯಾಗುತ್ತದೆ. ಕಾಗದವೇ ಸರಿ.

ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಜಿ6ಪಿಡಿ ಕಿಣ್ವದ ಕೊರತೆ ಇರುವವರು ಫೂಲ್ ಮುಟ್ಟಲೇಬಾರದು. ಅವರಲ್ಲಿ ಈ ಕಾಳು ಕೆಂಪು ರಕ್ತಕಣಗಳನ್ನು ಒಡೆಯಬಹುದು. ಒಂದೆರಡು ದಿನದೊಳಗೆ ಮೂತ್ರ ಕಪ್ಪಾಗಿ, ಕಣ್ಣು ಹಳದಿಯಾಗಿ ಆಸ್ಪತ್ರೆ ಸೇರಬೇಕಾದೀತು. ಈ ಕೊರತೆ ಇದೆಯೆಂದು ವೈದ್ಯರು ಹೇಳಿದ್ದರೆ ರುಚಿ ನೋಡಲೂ ಹೋಗಬೇಡಿ. ಅದೇ ಅಂಗಡಿಯಲ್ಲಿ ಅದಸ್ ಸಿಗುತ್ತದೆ: ಮಸೂರ ಬೇಳೆಯನ್ನು ಬೆಳ್ಳುಳ್ಳಿ, ಜೀರಿಗೆ ಹಾಕಿ ಗಟ್ಟಿಯಾಗಿ ಬೇಯಿಸಿದ್ದು.

ಯೆಮೆನಿಗಳ ಅಂಗಡಿಗೆ ಹೋದರೆ ರೊಟ್ಟಿಯೇ ಬೇರೆ. ಮುಲವ್ವಹ್ ಎಂಬುದು ಪದರ ಪದರವಾಗಿ ತುಪ್ಪ ಸವರಿ, ಕಲೋಂಜಿ ಎಂಬ ಕರಿ ಬೀಜ ಉದುರಿಸಿ, ಒಲೆಯ ಗೋಡೆಗೆ ಬಡಿದು ಸುಟ್ಟದ್ದು. ಅದರೊಡನೆ ಟೊಮೆಟೊ, ಹಸಿಮೆಣಸು, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು ಅರೆದ ಸಹಾವಿಕ್, ಖಾರದ ನಾಲಿಗೆಯವರಿಗೆ ದೊಡ್ಡ ಸಮಾಧಾನ. ಶಕ್ಷೂಕ ಎಂದರೆ ಟೊಮೆಟೊ, ಮೊಟ್ಟೆಯ ತಿಂಡಿ; ಯೆಮೆನಿಗಳದ್ದರಲ್ಲಿ ಮೊಟ್ಟೆ ಇಡಿಯಾಗಿ ತೇಲುವುದಿಲ್ಲ, ಟೊಮೆಟೊ, ಈರುಳ್ಳಿಯೊಡನೆ ಕದಡಿ ಬುರ್ಜಿಯಂತೆ ಮಾಡುತ್ತಾರೆ. ಬಿಳಿ ಬೀನ್ಸಿನ ಫಾಸೂಲಿಯಕ್ಕೂ ಮೊಟ್ಟೆ ಹಾಕುವುದು ಸಾಮಾನ್ಯ. ಬೇಡವಾದರೆ 'ಬಿದೂನ್ ಬೈದ್' ಎನ್ನಿ. ಮಾಂಸ ಬೇಡ ಎನ್ನಲು 'ಬಿದೂನ್ ಲಹಮ್'. ಒಂದೇ ಬಾಣಲೆಯಲ್ಲಿ ಎಲ್ಲವನ್ನೂ ಮಾಡುವ ಕಡೆಗಳೂ ಇರುವುದರಿಂದ ಕಟ್ಟುನಿಟ್ಟಿನವರು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಮಾಂಸ ತಿನ್ನುವವರಿಗೆ ಕಬ್ದ, ಅಂದರೆ ಲಿವರ್, ಇದೆ. ಜೋರು ಉರಿಯಲ್ಲಿ ಕೆಲವೇ ನಿಮಿಷ ಹುರಿದರೆ ಬೆಣ್ಣೆ, ಮೀರಿದರೆ ರಬ್ಬರು.

ಮಾಸೂಬ್ ಮಾತ್ರ ಎಲ್ಲಿ ಸಿಕ್ಕರೂ ಬಿಡಬೇಡಿ. ಬೆಚ್ಚಗಿನ ಗೋಧಿ ರೊಟ್ಟಿಯನ್ನು ಪುಡಿಗುಟ್ಟಿ, ರೊಟ್ಟಿಗೆ ಎರಡರಂತೆ ಸಿಪ್ಪೆಗೆ ಕಪ್ಪು ಚುಕ್ಕೆ ಬಂದ ಬಾಳೆಹಣ್ಣು ಕಿವುಚಿ, ಮೇಲೆ ಕೆನೆ, ಜೇನು, ತುಪ್ಪ. ಹಣ್ಣು ಕಾಯಾಗಿದ್ದರೆ ಒಗರು ಉಳಿಯುತ್ತದೆ. ಮಿಕ್ಸಿಯಲ್ಲಿ ತಿರುಗಿಸಿದರೆ ಅಂಟಂಟಾಗುತ್ತದೆ. ಬಾಯಿಗೆ ರೊಟ್ಟಿಯ ತರಿ ಸಿಗಬೇಕು. 'ಮಲಕಿ' ಎಂದು ಹೇಳಿದರೆ ಚೀಸ್, ಬಾದಾಮಿ, ಗೋಡಂಬಿ ಎಲ್ಲ ಸುರಿದು ತರುತ್ತಾರೆ, ಮೊದಲ ಸಲಕ್ಕೆ 'ಆದಿ', ಅಂದರೆ ಸಾದಾ ಸಾಕು. ಮೂವರಿಗೆ ಒಂದು ಬಟ್ಟಲು, ಅದೂ ಖಾರದ್ದೆಲ್ಲ ಮುಗಿದ ಮೇಲೆ. ಸಿಹಿ ರೊಟ್ಟಿಗಳ ಸಾಲಿನಲ್ಲಿ ಮಕ್ಶೂಶ್ ಕೂಡ ಇದೆ: ಪುಟ್ಟ ರೊಟ್ಟಿಗಳ ಮೇಲೆ ತುಪ್ಪ, ಜೇನು. 2023ರ ಜನವರಿಯಲ್ಲಿ ಸೌದಿ ಸರ್ಕಾರ ಅದನ್ನು ರಾಷ್ಟ್ರೀಯ ಸಿಹಿ ಎಂದು ಘೋಷಿಸಿತು.

ಇದಕ್ಕೆಲ್ಲ ಜೋಡಿ ಅದನಿ ಚಹಾ. ಹಾಲು, ಏಲಕ್ಕಿ, ಲವಂಗ, ದಾಲ್ಚಿನ್ನಿ, ಸಕ್ಕರೆ ಒಟ್ಟಿಗೇ ಕುದಿಸಿರುತ್ತಾರೆ, ಹಾಗಾಗಿ ಸಕ್ಕರೆ ಇಲ್ಲದ್ದು ಕೇಳಿದರೆ ಸಿಗುವುದು ಕಷ್ಟ. ಸಕ್ಕರೆ ಕಾಯಿಲೆಯವರು ಸಕ್ಕರೆ ಹಾಕದ, ಹಾಲಿಲ್ಲದ ಕೆಂಪು ಚಹಾ ಕೇಳಲಿ. ಅರಬ್ಬರ ಗಹ್ವ, ಅಂದರೆ ಕಾಫಿ, ಖರ್ಜೂರದ ಜೊತೆಗಾರ, ಫೂಲ್‌ನದ್ದಲ್ಲ. ಹಾಲೂ ಇರದು, ಸಕ್ಕರೆಯೂ ಇರದು. ಬಲಗೈಯಲ್ಲಿ ಪಡೆಯಿರಿ. ಸಾಕೆನಿಸಿದಾಗ ಲೋಟವನ್ನು ಮೆಲ್ಲಗೆ ಅಲ್ಲಾಡಿಸಿ ಹಿಂದಿರುಗಿಸದಿದ್ದರೆ ಮತ್ತೆ ಮತ್ತೆ ಸುರಿಯುತ್ತಲೇ ಇರುತ್ತಾರೆ.

ಮೆನುವಿನ ಬೆಲೆಯಲ್ಲೇ ಶೇ 15ರ ವ್ಯಾಟ್ ಸೇರಿರುತ್ತದೆ. ಒಂಬತ್ತರೊಳಗೆ ಹೋಗಿ. ಹೊತ್ತೇರಿದಂತೆ ಕೊಡದ ತಳದ ಕಾಳು ಉಳಿಯುತ್ತದೆ, ಅದು ಸೀದ ವಾಸನೆ. ರಂಜಾನ್‌ನಲ್ಲಿ ಹಗಲು ಈ ಅಂಗಡಿಗಳು ಬಾಗಿಲು ತೆರೆಯುವುದಿಲ್ಲ. ಆಗ ಫೂಲ್‌ನ ಹೊತ್ತು ಸೂರ್ಯ ಮುಳುಗಿದ ನಂತರ ಮತ್ತು ಸಹರಿಯಲ್ಲಿ, ಅಂದರೆ ಉಪವಾಸ ಶುರುವಾಗುವ ಮುನ್ನ ನಸುಕಿನಲ್ಲಿ ಮಾಡುವ ಊಟದಲ್ಲಿ.

ನಿಮ್ಮ ಆಹಾರ ಪುಟದಲ್ಲಿ ಮುಂದಿನ ಸಲ ಅರಬ್ ಅಡುಗೆಯ ವಿಷಯ ಬಂದಾಗ ಈ ಬೆಳಗಿನ ಬಟ್ಟಲುಗಳಿಗೂ ಜಾಗ ಕೊಡಿ ಎಂದು ಕೋರುತ್ತೇನೆ.

– ನಿಮ್ಮ ಓದುಗ, ಜಿದ್ದಾ