ಪಿಕಪ್ ಎತ್ತರಿಸುವ ಮೊದಲು ಹಿಂದಿನ ಬ್ರೇಕ್ ನೋಡಿ

ಮಾನ್ಯ ಸಂಪಾದಕರೇ,

ಪಿಕಪ್‌ಗಳಿಗೆ ಸಸ್ಪೆನ್ಷನ್ ಲಿಫ್ಟ್ ಕಿಟ್ (ಗಾಡಿಯ ಮೈಯನ್ನು ಚಕ್ರಗಳಿಂದ ಮೇಲಕ್ಕೆತ್ತುವ ಬಿಡಿಭಾಗಗಳು) ಹಾಕುವ ಬಗ್ಗೆ ತಮ್ಮ ವಾಹನ ಪುಟದಲ್ಲಿ ಬಂದ ಬರಹದಲ್ಲಿ ಎತ್ತರದ ಮಾತು ಬೇಕಾದಷ್ಟಿತ್ತು, ಬ್ರೇಕಿನ ಮಾತು ಒಂದು ಸಾಲೂ ಇರಲಿಲ್ಲ. ಗಾಡಿಯನ್ನು ಎರಡು ಇಂಚು ಎತ್ತರಿಸುವುದು ದೊಡ್ಡ ಕೆಲಸವಲ್ಲ. ಆ ಎರಡು ಇಂಚಿಗೆ ಇನ್ನೇನೇನು ಜಾಗ ತಪ್ಪುತ್ತದೆ ಎಂದು ನೋಡದೆ ಗಾಡಿ ರಸ್ತೆಗಿಳಿಸುವುದರಿಂದಲೇ ತೊಂದರೆ.

ಹಿಂಭಾಗದಲ್ಲಿ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಇರುವ ಹಲವು ಪಿಕಪ್‌ಗಳಲ್ಲಿ ಗಾಡಿಯ ಚೌಕಟ್ಟಾದ ಚಾಸಿಗೂ ಚಕ್ರಗಳ ಅಚ್ಚಾದ ಆಕ್ಸಲ್‌ಗೂ ನಡುವೆ ಸಣ್ಣದೊಂದು ಕಡ್ಡಿ ಇರುತ್ತದೆ. ಅದು ಲೋಡ್ ಸೆನ್ಸಿಂಗ್ ವಾಲ್ವ್‌ನದು. ಲೋಡ್ ಹಾಕಿದಾಗ ಚಾಸಿ ತಗ್ಗುತ್ತದೆ, ಕಡ್ಡಿ ತಿರುಗುತ್ತದೆ, ವಾಲ್ವ್ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರ ಲಾಕ್ ಆಗದಂತೆ ಒತ್ತಡ ಕಡಿಮೆ ಮಾಡುತ್ತದೆ. ಆಕ್ಸಲ್‌ಗೂ ಸ್ಪ್ರಿಂಗಿಗೂ ನಡುವೆ ಬ್ಲಾಕ್ (ಲೋಹದ ಗಟ್ಟಿ ತುಂಡು) ಹಾಕಿ ಚಾಸಿ ಎತ್ತಿದ ಮೇಲೆ ವಾಲ್ವ್‌ನ ಲೆಕ್ಕದಲ್ಲಿ ಗಾಡಿ ಸದಾ ಖಾಲಿ. ತುಂಬಿದ ಲೋಡ್ ಇದ್ದರೂ ಹಿಂದಿನ ಬ್ರೇಕ್ ಪೂರ್ತಿ ಹಿಡಿಯುವುದಿಲ್ಲ, ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಹಿಂಭಾಗ ಎಷ್ಟು ಎತ್ತರವಾಯಿತೋ ಅಷ್ಟೇ ಅಳತೆಯ ಬ್ರಾಕೆಟ್ಟನ್ನು ಕಡ್ಡಿಯ ಆಕ್ಸಲ್ ಕಡೆಯ ತುದಿಗೆ ಕೂರಿಸಿದರೆ ಇದು ಸರಿಹೋಗುತ್ತದೆ. ಕಡ್ಡಿಯನ್ನೇ ಬಗ್ಗಿಸಿ ಅಂದಾಜಿನಲ್ಲಿ ಹೊಂದಿಸುವುದು ಕೂಡದು. ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ಕೆಲಸವನ್ನು ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಯೂನಿಟ್ಟೇ ಮಾಡುವ ಹೊಸ ಗಾಡಿಗಳಲ್ಲಿ ಇಂಥ ವಾಲ್ವ್ ಇರುವುದಿಲ್ಲ. ಗಾಡಿಯ ಅಡಿ ಮಲಗಿ ನೋಡಿದರೆ ತಿಳಿಯುತ್ತದೆ.

ಬ್ಲಾಕ್ ಹಾಕುವಾಗ ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿದು ಹಿಡಿಯುವ ಹಳೆಯ ಯು ಬೋಲ್ಟ್ ಮತ್ತೆ ಬಳಸಬಾರದು. ಒಮ್ಮೆ ಬಿಗಿದು ಎಳೆದ ಬೋಲ್ಟ್ ಮತ್ತೆ ಅದೇ ಬಿಗಿ ಹಿಡಿಯುವುದಿಲ್ಲ, ಉದ್ದವೂ ಸಾಲದು. ಬ್ಲಾಕಿನ ಪಿನ್ನು ಆಕ್ಸಲ್ ಪ್ಯಾಡಿನ ತೂತಿನಲ್ಲಿ, ಸ್ಪ್ರಿಂಗಿನ ಸೆಂಟರ್ ಬೋಲ್ಟ್ ತಲೆ ಬ್ಲಾಕಿನ ಗುಳಿಯಲ್ಲಿ ಸರಿಯಾಗಿ ಕೂತಿದೆಯೇ ನೋಡಿಕೊಂಡು, ನಾಲ್ಕು ನಟ್ಟುಗಳನ್ನು ಓರೆಯಾಗಿ ಎದುರುಬದುರು, ಮೂರು ನಾಲ್ಕು ಸುತ್ತಿನಲ್ಲಿ ಬಿಗಿಯಬೇಕು. ಒಂದರ ಮೇಲೊಂದು ಬ್ಲಾಕ್ ಪೇರಿಸುವುದಂತೂ ಬೇಡವೇ ಬೇಡ. ಎತ್ತರದ ಬ್ಲಾಕಿನಿಂದ ಆಕ್ಸಲ್ ತಿರುಚುವ ಬಲ ಹೆಚ್ಚಿ ಸ್ಪ್ರಿಂಗ್ ಅಲೆಯಂತೆ ಬಾಗುತ್ತದೆ. ಹಿಂದಿನ ಆಕ್ಸಲ್‌ಗೆ ಎಂಜಿನ್ನಿನ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಎರಡು ತುಂಡಿನದಾಗಿದ್ದು, ಗಾಡಿ ಹೊರಡುವಾಗ ನಡುಗಿದರೆ ಶಾಫ್ಟಿನ ನಡುವಿನ ಸೆಂಟರ್ ಬೇರಿಂಗನ್ನು ಸ್ಪೇಸರ್ (ನಡುವೆ ಇಡುವ ತುಂಡು) ಕೊಟ್ಟು ತುಸು ಇಳಿಸಬೇಕು.

ಗಾಡಿಯ ಮುಂಭಾಗದಲ್ಲಿ ಆಗುವ ಸಾಮಾನ್ಯ ತಪ್ಪು ಅಳತೆಯದು. ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಕೂಡಿದ ಭಾಗ) ಚಕ್ರವನ್ನು ಚಾಸಿಗೆ ಸೇರಿಸುವ ಕೆಳಗಿನ ಆರ್ಮ್‌ನ ಹೆಚ್ಚುಕಡಿಮೆ ನಡುವಿಗೆ ಕೂರುವುದರಿಂದ, ಅದರ ತಲೆಯ ಮೇಲೆ 25 ಮಿ.ಮೀ. ಸ್ಪೇಸರ್ ಇಟ್ಟರೆ ಚಕ್ರದ ಹತ್ತಿರ ಸುಮಾರು 50 ಮಿ.ಮೀ. ಎತ್ತರ ಸಿಗುತ್ತದೆ. ಎರಡು ಇಂಚು ಬೇಕೆಂದು ಎರಡು ಇಂಚಿನ ಸ್ಪೇಸರನ್ನೇ ಇಟ್ಟರೆ ಮೇಲಿನ ಆರ್ಮ್ ಸ್ಪ್ರಿಂಗಿಗೆ ತಾಗುತ್ತದೆ, ಆರ್ಮ್ ತುದಿಯ ಬಾಲ್ ಜಾಯಿಂಟ್ (ಗುಂಡಿನ ಕೀಲು) ಕೊನೆಯ ಕೋನಕ್ಕೆ ಹೋಗುತ್ತದೆ. ಫೋರ್ ವೀಲ್ ಡ್ರೈವ್ ಆದರೆ ಮುಂದಿನ ಚಕ್ರ ತಿರುಗಿಸುವ ಶಾಫ್ಟಿನ ಸಿವಿ ಜಾಯಿಂಟಿನ ರಬ್ಬರ್ ಹೊದಿಕೆ (ಬೂಟ್) ಮಡಿಕೆ ಮಡಿಕೆ ಉಜ್ಜಿ ಹರಿದು ಗ್ರೀಸ್ ಚೆಲ್ಲುತ್ತದೆ. ಸ್ಪೇಸರ್ ಕೂರಿಸಲು ಸ್ಟ್ರಟ್ ತಲೆಯ ಸುತ್ತಲಿನ ನಟ್ಟುಗಳನ್ನಷ್ಟೇ ಬಿಚ್ಚಬೇಕು. ನಡುವಿನ ನಟ್ಟು ಅದುಮಿಟ್ಟ ಸ್ಪ್ರಿಂಗನ್ನು ಹಿಡಿದಿರುತ್ತದೆ. ಅದನ್ನು ಬಿಚ್ಚಿದರೆ ಪ್ರಾಣಕ್ಕೇ ಅಪಾಯ. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರನ್ನು ಬ್ರೇಕ್ ಹೋಸಿನಲ್ಲಿ ಜೋತುಬಿಡದೆ ತಂತಿಯಿಂದ ಕಟ್ಟಿಡಿ. ಚಕ್ರವನ್ನು ಪೂರ್ತಿ ಇಳಿಬಿಟ್ಟು, ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಹೋಸ್ ಮತ್ತು ಎಬಿಎಸ್ ವೈರ್ ಬಿಗಿಯುತ್ತವೆಯೇ ನೋಡಿ.

ಆರ್ಮ್ ಮತ್ತು ಶ್ಯಾಕಲ್ (ಲೀಫ್ ಸ್ಪ್ರಿಂಗಿನ ತುದಿಯ ತೂಗುಕೊಂಡಿ) ಇವುಗಳ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಜಾಕ್ ಮೇಲಿರುವಾಗಲೇ ಪೂರ್ತಿ ಬಿಗಿಯುವ ಅಭ್ಯಾಸ ಎಲ್ಲೆಡೆ ಇದೆ. ಗಾಡಿ ಇಳಿಸಿದ ಕೂಡಲೇ ಅಂಥ ಬುಷ್‌ನ ರಬ್ಬರ್ ತಿರುಚಿಕೊಂಡೇ ನಿಲ್ಲುತ್ತದೆ, ಬೇಗ ಹರಿಯುತ್ತದೆ. ಭಾರ ಚಕ್ರಗಳ ಮೇಲೆ ಬಂದ ನಂತರವೇ ಟಾರ್ಕ್ ರೆಂಚ್ ಹಿಡಿಯಬೇಕು.

ಅಂದಹಾಗೆ, ಕಿಟ್ ಚಾಸಿಯನ್ನು ಎತ್ತುತ್ತದೆಯೇ ಹೊರತು ಹಿಂದಿನ ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆಯಾದ ಡಿಫರೆನ್ಷಿಯಲ್ಲನ್ನಲ್ಲ. ಅದು ನೆಲದಿಂದ ಮೇಲೇಳಲು ದೊಡ್ಡ ಟೈರೇ ಬೇಕು. ಲೋಡ್ ಹೊರುವ ಶಕ್ತಿಯೂ ಬ್ಲಾಕಿನಿಂದ ಹೆಚ್ಚುವುದಿಲ್ಲ.

ಕೆಲಸ ಮುಗಿದ ದಿನವೇ ವೀಲ್ ಅಲೈನ್‌ಮೆಂಟ್ ಆಗಬೇಕು. ಟೋ (ಚಕ್ರಗಳು ಒಳಗೋ ಹೊರಗೋ ತಿರುಗಿರುವ ಕೋನ) ಮಾತ್ರ ನೋಡಿ ಕಳಿಸಿದರೆ ಸಾಲದು; ಎತ್ತರಿಸಿದಾಗ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟಿಯರಿಂಗ್ ಅಕ್ಷದ ಓರೆ) ಕಡಿಮೆಯಾಗುವುದರಿಂದ ಸ್ಟಿಯರಿಂಗ್ ವೇಗದಲ್ಲಿ ಅಲೆಯುತ್ತದೆ, ತಿರುವಿನ ನಂತರ ತಾನಾಗಿ ನೇರಕ್ಕೆ ಬರುವುದಿಲ್ಲ. ಹೆಡ್‌ಲೈಟಿನ ಬೆಳಕು ಬೀಳುವ ಕೋನ ತಗ್ಗಿಸಿ. 100 ಕಿ.ಮೀ. ಓಡಿದ ಮೇಲೆ ಯು ಬೋಲ್ಟ್‌ಗಳ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಿ, 500 ಕಿ.ಮೀ. ಆದಾಗ ಇನ್ನೊಮ್ಮೆ.

ಇತಿ,
ತಮ್ಮ ಓದುಗ